ಮೀನಿನಲ್ಲಿರುವುದು ಯಾವ ಪಾದರಸ?

ಬಾಗಲಕೋಟೆಯ ಕಡೆ ಮೀನು ಎರಡು ದಿಕ್ಕಿನಿಂದ ಬರುತ್ತದೆ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಅಂಬಿಗರ ಬಲೆಗೆ ಬೀಳುವ ಕಾಟ್ಲಾ, ರೋಹು, ಬಾಳೆ ಮೀನು ಒಂದು ಕಡೆ. ಘಟ್ಟ ಹತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಬಂಗುಡೆ, ಸುರಮಾಯಿ, ಸಿಗಡಿ ಇನ್ನೊಂದು ಕಡೆ. ಮೀನು ತಿನ್ನದವರೇ ಹೆಚ್ಚಾಗಿರುವ ಸೀಮೆ ಇದಾದರೂ, ತಿನ್ನುವವರಿಗೆ ಅದು ಕಡಿಮೆ ಖರ್ಚಿನ ಪೌಷ್ಟಿಕ ಆಹಾರ. ಹಿಡಿಯುವವರಿಗೆ ಅದೇ ಜೀವನ.

ಈ ಮೀನಿನಲ್ಲಿ ಪಾದರಸ ಇದೆಯೆ ಎಂದು ಯಾರಾದರೂ ಕೇಳಿದರೆ, ಇದೆ ಎಂದೇ ಉತ್ತರಿಸಬೇಕಾಗುತ್ತದೆ. ಇಂದು ಯಾವ ಸಮುದ್ರದ, ಯಾವ ನದಿಯ ಮೀನನ್ನು ಪರೀಕ್ಷಿಸಿದರೂ ಲವಲೇಶ ಪಾದರಸ ಸಿಕ್ಕೇ ಸಿಗುತ್ತದೆ. ಹಾಗಾದರೆ ಎಷ್ಟಿದೆ ಎಂಬುದು ಮುಂದಿನ ಪ್ರಶ್ನೆ. ಆದರೆ ಅದೂ ಅರ್ಧ ಪ್ರಶ್ನೆಯೇ. ಇಳಕಲ್ಲ ಸೀರೆ ಕೊಳ್ಳುವವರು ಸೆರಗಿನಲ್ಲಿ ದಾರ ಎಷ್ಟಿದೆ ಎಂದು ಕೇಳಿ ಸುಮ್ಮನಾಗುವುದಿಲ್ಲ; ಅದು ಅಸಲು ರೇಷ್ಮೆಯೋ ಕೃತಕ ರೇಷ್ಮೆಯೋ ಎಂದು ಕೇಳುತ್ತಾರೆ. ಪಾದರಸದ ವಿಷಯದಲ್ಲೂ ಹಾಗೆಯೇ ಯಾವ ಪಾದರಸ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಕೇಳಲು ಪ್ರಯೋಗಾಲಯಗಳು ಕಲಿಯುವಷ್ಟರಲ್ಲಿ ಒಂದು ಊರೇ ನರಳಿಹೋಗಿತ್ತು.

ಒಂದು ಲೋಹ, ಹಲವು ಗುಣ

ಶಾಲೆಯಲ್ಲಿ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳಾಡುವ ಬೆಳ್ಳಿಯ ಹನಿಗಳು ಅನೇಕರಿಗೆ ನೆನಪಿರಬಹುದು. ಅದು ಶುದ್ಧ ಲೋಹರೂಪದ ಪಾದರಸ. ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿಯೇ ಉಳಿಯುವ, ನೀರಿಗಿಂತ ಸುಮಾರು ಹದಿಮೂರೂವರೆ ಪಟ್ಟು ಭಾರದ ಲೋಹ. ಅಕಸ್ಮಾತ್ ಅದನ್ನು ನುಂಗಿದರೆ ಬಹುತೇಕ ಎಲ್ಲವೂ ಹೊಟ್ಟೆಯಿಂದ ಹಾಗೆಯೇ ಹೊರಬೀಳುತ್ತದೆ. ಆದರೆ ಅದೇ ಪಾದರಸ ಆವಿಯಾಗಿ ಉಸಿರಿನೊಳಗೆ ಹೋದರೆ ಶೇಕಡಾ 80ರಷ್ಟು ದೇಹದಲ್ಲಿ ಉಳಿದು ನರಮಂಡಲವನ್ನು ಕೆಡಿಸುತ್ತದೆ.

ಎರಡನೆಯದು ಲವಣಗಳ ರೂಪ. ರಸಾಯನಶಾಸ್ತ್ರದವರು ನಿರವಯವ ಪಾದರಸ ಎನ್ನುತ್ತಾರೆ. ಇದು ಕರುಳಿನಿಂದ ಅಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಗಂಧಕದೊಡನೆ ಕೂಡಿ ಕೆಂಪಗೆ ನಿಂತ ರೂಪವೇ ಇಂಗಳೀಕ. ಅದು ನೀರಿನಲ್ಲಿ ಕರಗದ ವಸ್ತು. ಪಾದರಸವನ್ನು ಗಂಧಕದೊಡನೆ ಅರೆದು ಕಪ್ಪು ಕಜ್ಜಳಿ ಮಾಡುತ್ತಿದ್ದ ನಮ್ಮ ರಸವೈದ್ಯರು, ಈ ಎರಡಕ್ಕೂ ಇರುವ ಸೆಳೆತವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮೂರನೆಯದು ಮೀಥೈಲ್ ಪಾದರಸ. ಪಾದರಸದ ಒಂದು ಪರಮಾಣುವಿಗೆ ಇಂಗಾಲ ಮತ್ತು ಜಲಜನಕದ ಒಂದು ಚಿಕ್ಕ ಗುಂಪು ಅಂಟಿಕೊಂಡಿರುವ ಈ ರೂಪವೇ ಎಲ್ಲಕ್ಕಿಂತ ಅಪಾಯದ್ದು. ಆಹಾರದ ಜೊತೆ ಹೊಟ್ಟೆಗೆ ಹೋದರೆ ಶೇಕಡಾ 95ರಷ್ಟು ರಕ್ತಕ್ಕೆ ಸೇರುತ್ತದೆ. ದೇಹದ ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿರುವ ಗಂಧಕವನ್ನು ಹಿಡಿದುಕೊಂಡು, ದೇಹಕ್ಕೆ ಬೇಕಾದ ಇನ್ನೊಂದು ಅಮೈನೋ ಆಮ್ಲದ ವೇಷ ತೊಟ್ಟು, ಮೆದುಳಿನ ಕಾವಲನ್ನೂ ಗರ್ಭದ ಮಾಸನ್ನೂ ದಾಟಿಬಿಡುತ್ತದೆ. ಹೊಕ್ಕಿದ್ದರಲ್ಲಿ ಅರ್ಧ ಹೊರಹೋಗಲು ಸುಮಾರು ಎರಡು ತಿಂಗಳು ಬೇಕು.

ಸ್ಥಾವರ ವಿಷ ಜಂಗಮವಾಗುವ ಬಗೆ

ವಿಷವನ್ನು ಕುರಿತು ಕನ್ನಡದಲ್ಲಿ ಬಂದ ಹಳೆಯ ಶಾಸ್ತ್ರಗ್ರಂಥ ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'. ನಮ್ಮ ವಿಷವೈದ್ಯ ಪರಂಪರೆ ವಿಷಗಳನ್ನು ಸ್ಥಾವರ, ಜಂಗಮ ಎಂದು ವಿಂಗಡಿಸುತ್ತದೆ. ಗಿಡ, ಬೇರು, ಖನಿಜಗಳಿಂದ ಬರುವುದು ಸ್ಥಾವರ. ಹಾವು, ಚೇಳಿನಂತಹ ಜೀವಿಗಳಿಂದ ಬರುವುದು ಜಂಗಮ. ಕೂಡಲಸಂಗಮವಿರುವ ಈ ನೆಲದಲ್ಲಿ ಸ್ಥಾವರ-ಜಂಗಮ ಎಂಬ ಮಾತುಗಳಿಗೆ ಬಸವಣ್ಣನವರು ಕೊಟ್ಟ ಅರ್ಥ ಬೇರೆ, ಅದು ಎಲ್ಲರಿಗೂ ಗೊತ್ತಿದೆ. ವೈದ್ಯರ ಅರ್ಥದಲ್ಲೇ ತೆಗೆದುಕೊಂಡರೆ ಪಾದರಸ ಸ್ಥಾವರ ವಿಷ. ಆದರೆ ನೀರಿನ ತಳದಲ್ಲಿ ಅದು ಜಂಗಮವಾಗುತ್ತದೆ.

ಕಲ್ಲಿದ್ದಲು ಉರಿಸಿದಾಗ, ಜ್ವಾಲಾಮುಖಿ ಸಿಡಿದಾಗ, ಗಣಿ-ಕಾರ್ಖಾನೆಗಳಿಂದ ಹೊರಬಿದ್ದಾಗ ಪಾದರಸದ ಆವಿ ಗಾಳಿ ಸೇರಿ, ಕೊನೆಗೆ ಮಳೆಯೊಡನೆ ನೀರಿಗೆ ಇಳಿಯುತ್ತದೆ. ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಈ ನಿರವಯವ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಕೆಸರಿನ ಸೂಕ್ಷ್ಮಜೀವಿಗಳೇ ಈ ಕೆಲಸ ಮಾಡುತ್ತವೆ ಎಂದು ಸ್ವೀಡನ್ನಿನ ಯೆನ್ಸೆನ್ ಮತ್ತು ಯೆರ್ನೆಲೋವ್ 1969ರಲ್ಲಿ ತೋರಿಸಿದರು. ಅದಕ್ಕೆ ಕಾರಣವಾದ ಜೋಡಿ ಜೀನುಗಳು ಪತ್ತೆಯಾದದ್ದು 2013ರಲ್ಲಿ.

ಮುಂದಿನದು ತಿನ್ನುವ ಸರಪಳಿ. ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಪ್ರತಿ ಮೆಟ್ಟಿಲಿನಲ್ಲೂ ಮೀಥೈಲ್ ಪಾದರಸ ಸಾಂದ್ರವಾಗುತ್ತ ಹೋಗಿ, ಬೇಟೆಯಾಡುವ ದೊಡ್ಡ ಮೀನಿನ ಮಾಂಸದಲ್ಲಿ ಅದು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚಾಗಬಹುದು. ಆದ್ದರಿಂದಲೇ ಕಡಲಿನಲ್ಲಿ ಬಂಗುಡೆ, ಬೂತಾಯಿಗಳಿಗಿಂತ ಶಾರ್ಕ್, ದೊಡ್ಡ ಸುರಮಾಯಿಗಳ ಮೇಲೆ ಹೆಚ್ಚು ನಿಗಾ. ನಮ್ಮ ಹಿನ್ನೀರಿನಲ್ಲೂ ಪಾಚಿ, ಸಸ್ಯ, ಸೂಕ್ಷ್ಮಜೀವಿಗಳನ್ನು ತಿನ್ನುವ ಕಾಟ್ಲಾ, ರೋಹುಗಳ ಲೆಕ್ಕ ಬೇರೆ; ಮೀನನ್ನೇ ತಿಂದು ಬೆಳೆಯುವ ಬಾಳೆ ಮೀನಿನ ಲೆಕ್ಕ ಬೇರೆ. ಇನ್ನೊಂದು ಮಾತು: ಈ ವಿಷ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೂ, ಕೊಬ್ಬು ತೆಗೆದರೂ, ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.

ಮಿನಮಾಟದಲ್ಲಿ ನಡೆದ ವಾದ

ಜಪಾನಿನ ಮಿನಮಾಟ ಕೊಲ್ಲಿಯ ದಂಡೆಯಲ್ಲಿ ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆಮೇಲೆ ಮೀನುಗಾರರ ಮಕ್ಕಳಿಗೆ ನಡಿಗೆ, ಮಾತು, ದೃಷ್ಟಿ ಕೆಡತೊಡಗಿತು. 1956ರ ಮೇ 1ರಂದು ಚಿಸ್ಸೋ ಕಂಪನಿಯ ಆಸ್ಪತ್ರೆಯಿಂದಲೇ ಈ ವಿಚಿತ್ರ ಕಾಯಿಲೆಯ ವರದಿ ಅಧಿಕಾರಿಗಳಿಗೆ ಹೋಯಿತು. ಸಾವಯವ ಪಾದರಸವೇ ಕಾರಣವಿರಬೇಕೆಂದು ಕುಮಮೋಟೊ ವಿಶ್ವವಿದ್ಯಾಲಯದ ತಂಡ 1959ರಲ್ಲಿ ಹೇಳಿತು. ಅದಕ್ಕೊಂದು ಹಳೆಯ ಸುಳಿವೂ ಇತ್ತು: ಬೀಜೋಪಚಾರಕ್ಕೆ ಮೀಥೈಲ್ ಪಾದರಸ ತಯಾರಿಸುತ್ತಿದ್ದ ಇಂಗ್ಲೆಂಡಿನ ಕಾರ್ಮಿಕರಲ್ಲಿ ಇವೇ ಲಕ್ಷಣಗಳು ಕಂಡದ್ದನ್ನು 1940ರಲ್ಲಿ ವೈದ್ಯರು ದಾಖಲಿಸಿದ್ದರು.

ಕಂಪನಿಯ ಎದುರುವಾದ ಪಾದರಸದ ರೂಪವನ್ನೇ ಹಿಡಿದುಕೊಂಡಿತ್ತು. ನಾವು ಅಸಿಟಾಲ್ಡಿಹೈಡ್ ತಯಾರಿಕೆಗೆ ಬಳಸುವುದು ನಿರವಯವ ಪಾದರಸ. ರೋಗಿಗಳ ಲಕ್ಷಣ ಸಾವಯವ ಪಾದರಸದ್ದು. ಹೀಗಿರುವಾಗ ನಮ್ಮ ಕಾರ್ಖಾನೆ ಹೇಗೆ ಕಾರಣ ಎಂಬುದು ಅದರ ತಿರುಳು. ಒಟ್ಟು ಪಾದರಸವನ್ನಷ್ಟೇ ಅಳೆಯುವ ಪರೀಕ್ಷೆಗೆ ಈ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿಯಿರಲಿಲ್ಲ. ಕಾರ್ಖಾನೆಯ ಕೆಸರಿನಿಂದಲೇ ಮೀಥೈಲ್ ಪಾದರಸವನ್ನು ಬೇರ್ಪಡಿಸಿ ತೋರಿಸಿದ್ದು 1962ರಲ್ಲಿ, ಇರುಕಯಾಮಾ ಮತ್ತು ಅವರ ಸಂಗಡಿಗರು. ತಯಾರಿಕೆಯ ಹಂತದಲ್ಲೇ ಅದು ಹುಟ್ಟುತ್ತಿತ್ತು. ಜಪಾನ್ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಾಗ 1968ರ ಸೆಪ್ಟೆಂಬರ್ ಬಂದಿತ್ತು. ಕಾಯಿಲೆ ಅಧಿಕೃತವಾಗಿ ಗೊತ್ತಾಗಿ ಹನ್ನೆರಡು ವರ್ಷ ಕಳೆದಿತ್ತು.

ಅಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ತಾಯಿಗೆ ಹೇಳಿಕೊಳ್ಳುವಂತಹ ತೊಂದರೆಯಿಲ್ಲ, ಹುಟ್ಟಿದ ಮಗು ಮಾತ್ರ ಕತ್ತು ನಿಲ್ಲದೆ, ಮಾತು ಬಾರದೆ ಉಳಿಯಿತು. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪೆಟ್ಟಿಗೆಯಲ್ಲಿ ಕಾಪಾಡುವುದು ಜಪಾನೀಯರ ವಾಡಿಕೆ. ಮನೆಮನೆಯಲ್ಲಿದ್ದ ಆ ಒಣ ತುಂಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿದ್ದ ಮೀಥೈಲ್ ಪಾದರಸದ ವಿವರವನ್ನು ನಿಶಿಗಾಕಿ ಮತ್ತು ಹರದ 1975ರಲ್ಲಿ ಪ್ರಕಟಿಸಿದರು. ತಾಯಂದಿರು ಪ್ರೀತಿಯಿಂದ ಎತ್ತಿಟ್ಟಿದ್ದ ವಸ್ತುವೇ ಸಾಕ್ಷಿಯಾಯಿತು.

ಪ್ರಯೋಗಾಲಯದೊಳಗೆ

ಮೀನಿನಲ್ಲಿ ಇರುವುದು ಯಾವ ಪಾದರಸ ಎಂಬುದಕ್ಕೆ ಮೊದಲ ಖಚಿತ ಉತ್ತರ ಕೊಟ್ಟವರು ಸ್ವೀಡನ್ನಿನ ರಸಾಯನವಿಜ್ಞಾನಿ ಗುನ್ನೆಲ್ ವೆಸ್ಟೂ. ಆಕೆ 1966ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅರೆದ ಮೀನಿನಿಂದ ಆಮ್ಲ ಮತ್ತು ಬೆಂಜೀನ್ ಬಳಸಿ ಮೀಥೈಲ್ ಪಾದರಸವನ್ನು ಸೆಳೆದು, ಅನಿಲ ವರ್ಣರೇಖನ ಯಂತ್ರದಲ್ಲಿ ಗುರುತಿಸಿದರು. ಮೀನಿನ ಮಾಂಸದಲ್ಲಿದ್ದ ಪಾದರಸದಲ್ಲಿ ಹೆಚ್ಚಿನದೆಲ್ಲ ಮೀಥೈಲ್ ರೂಪದ್ದೇ ಎಂಬುದು ಆಗ ಗೊತ್ತಾಯಿತು.

ಇಂದಿನ ಪರೀಕ್ಷೆಯಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಒಟ್ಟು ಪಾದರಸದ ಅಳತೆ. ಮೀನಿನ ತುಂಡನ್ನು ನುಣ್ಣಗೆ ಅರೆದು, ನೈಟ್ರಿಕ್ ಆಮ್ಲದಲ್ಲಿ ಬಿಸಿಮಾಡಿ ಪೂರ್ತಿ ಕರಗಿಸುತ್ತಾರೆ. ಆಗ ಯಾವ ರೂಪದ ಪಾದರಸವಾದರೂ ಒಂದೇ ರೂಪಕ್ಕೆ ಬರುತ್ತದೆ. ಅದಕ್ಕೆ ತವರದ ಲವಣ ಸೇರಿಸಿದರೆ ಪಾದರಸ ಲೋಹವಾಗಿ ಆವಿಯಾಗುತ್ತದೆ. ಆವಿಯ ಮೂಲಕ 253.7 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಪ್ರಮಾಣ ತಿಳಿಯುತ್ತಾರೆ. ಇನ್ನೊಂದು ಬಗೆಯ ಯಂತ್ರ ಮೀನನ್ನು ಸುಟ್ಟು, ಹೊರಡುವ ಪಾದರಸದ ಆವಿಯನ್ನು ಚಿನ್ನದ ಮೇಲೆ ಹಿಡಿದಿಟ್ಟು, ಆಮೇಲೆ ಕಾಯಿಸಿ ಬಿಡಿಸಿ ಅಳೆಯುತ್ತದೆ. ಕಳಸಕ್ಕೆ ಚಿನ್ನದ ಮುಲಾಮು ಕೊಡುತ್ತಿದ್ದ ಕುಶಲಕರ್ಮಿಗಳಿಗೆ ಚಿನ್ನ-ಪಾದರಸದ ಈ ಒಲವು ಹೊಸದಲ್ಲ. ಈ ದಾರಿ ಅಗ್ಗ, ಬೇಗ. ಆದರೆ ರೂಪಭೇದವನ್ನು ಅಳಿಸಿಯೇ ಅಳೆಯುತ್ತದೆ. ಇಂಗಳೀಕದ ಪಾದರಸವೂ ಮೀಥೈಲ್ ಪಾದರಸವೂ ಅದಕ್ಕೆ ಒಂದೇ.

ಎರಡನೆಯ ದಾರಿಯಲ್ಲಿ ರೂಪ ಕೆಡದಂತೆ ಹೊರತೆಗೆಯಬೇಕು. ಇಲ್ಲಿ ಮೀನನ್ನು ಆಮ್ಲದಲ್ಲಿ ಬೇಯಿಸಿ ಚಿಂದಿ ಮಾಡುವ ಹಾಗಿಲ್ಲ. ಸಿಸ್ಟೀನ್ ಬೆರೆಸಿದ ದ್ರಾವಣದಲ್ಲಿ ಬೆಚ್ಚಗೆ, ಸುಮಾರು 60 ಡಿಗ್ರಿಯಲ್ಲಿ ಇಟ್ಟರೆ, ಪಾದರಸ ಮಾಂಸದ ಗಂಧಕವನ್ನು ಬಿಟ್ಟು ದ್ರಾವಣದ ಗಂಧಕವನ್ನು ಹಿಡಿದು ಹೊರಬರುತ್ತದೆ. ಕಜ್ಜಳಿ ಅರೆಯುವವರು ಕಂಡ ಸೆಳೆತವೇ ಇಲ್ಲಿಯೂ ಕೆಲಸ ಮಾಡುವುದು. ಆಮೇಲೆ ಆ ದ್ರವವನ್ನು ಸೂಕ್ಷ್ಮ ಕಣಗಳನ್ನು ಒತ್ತೊತ್ತಾಗಿ ತುಂಬಿದ ಕೊಳವೆಯಲ್ಲಿ ಹಾಯಿಸುತ್ತಾರೆ. ಜಾತ್ರೆಯ ಓಣಿಯಲ್ಲಿ ಒಟ್ಟಿಗೆ ಹೊರಟವರಲ್ಲಿ ಅಂಗಡಿ ಅಂಗಡಿಗೂ ನಿಲ್ಲುವವರು ತಡವಾಗಿ ಹೊರಬರುವಂತೆ, ನಿರವಯವ ಮತ್ತು ಮೀಥೈಲ್ ರೂಪಗಳು ಬೇರೆ ಬೇರೆ ಹೊತ್ತಿಗೆ ಹೊರಬೀಳುತ್ತವೆ. ಕೊನೆಗೆ ಸಾವಿರಾರು ಡಿಗ್ರಿ ಕಾದ ಆರ್ಗಾನ್ ಜ್ವಾಲೆಯಲ್ಲಿ ಅವನ್ನು ಒಡೆದು, ಪರಮಾಣುಗಳನ್ನು ಅವುಗಳ ತೂಕದಿಂದ ಗುರುತಿಸಿ ಎಣಿಸುತ್ತಾರೆ.

ಈ ಕೆಲಸದಲ್ಲಿ ಮೋಸ ಹೋಗುವ ಸಂದರ್ಭಗಳಿವೆ. ಹೊರತೆಗೆಯುವಾಗಲೇ ಒಂದು ರೂಪ ಇನ್ನೊಂದಾಗಿ ಮಾರ್ಪಟ್ಟರೆ ಯಂತ್ರ ಎಷ್ಟು ದುಬಾರಿಯದಾದರೂ ಉತ್ತರ ತಪ್ಪು. ಅದಕ್ಕಾಗಿ, ಮೀಥೈಲ್ ಪಾದರಸ ಎಷ್ಟಿದೆ ಎಂದು ಮೊದಲೇ ಖಚಿತಪಡಿಸಿದ ಮೀನಿನ ಪುಡಿಯನ್ನು ಜೊತೆಯಲ್ಲೇ ಪರೀಕ್ಷಿಸುತ್ತಾರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ತಯಾರಿಸುವ ಇಂತಹ ಮೀನಿನ ಪುಡಿ ಲೋಕದ ಪ್ರಯೋಗಾಲಯಗಳಿಗೆಲ್ಲ ತೂಕದ ಬಟ್ಟು ಇದ್ದ ಹಾಗೆ.

ಎಲ್ಲ ಮೀನಿಗೂ ಈ ಎರಡನೆಯ ಪರೀಕ್ಷೆ ಬೇಕಿಲ್ಲ. ಮೀಥೈಲ್ ಪಾದರಸ ಒಟ್ಟು ಪಾದರಸದ ಒಂದು ಭಾಗವೇ ಆದ್ದರಿಂದ ಒಟ್ಟನ್ನು ಮೀರಲಾರದು. 2011ರ ನಮ್ಮ ಆಹಾರ ಸುರಕ್ಷತಾ ನಿಯಮಗಳು ಪ್ರಕಟವಾದಾಗ, ಮೀನಿನಲ್ಲಿ ಒಟ್ಟು ಪಾದರಸಕ್ಕೆ ಕಿಲೋಗೆ 0.5 ಮಿಲಿಗ್ರಾಂ, ಎಲ್ಲ ಆಹಾರದಲ್ಲೂ ಮೀಥೈಲ್ ಪಾದರಸಕ್ಕೆ 0.25 ಮಿಲಿಗ್ರಾಂ ಮಿತಿ ಇಟ್ಟಿದ್ದವು. ಒಟ್ಟು ಪಾದರಸವೇ 0.25ರ ಒಳಗಿದ್ದರೆ ಮುಂದಿನ ಖರ್ಚು ಅನಗತ್ಯ. ಅದಕ್ಕಿಂತ ಹೆಚ್ಚಾದಾಗ ಮಾತ್ರ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಸಿಗಡಿ, ಚಿಪ್ಪುಜೀವಿಗಳಲ್ಲಿ ನಿರವಯವ ಪಾದರಸದ ಪಾಲು ಹೆಚ್ಚಿರುವುದೂ ಉಂಟು. ಅಲ್ಲಿ ಊಹೆ ಸಾಲದು, ಪರೀಕ್ಷೆಯೇ ಬೇಕು.

ಕರ್ನಾಟಕದ ಕಥೆ

ಕರ್ನಾಟಕಕ್ಕೆ ಪಾದರಸ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಪುಡಿಮಾಡಿದ ಅದಿರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದ ಕಾಲವಿತ್ತು. ಕಡಲ ಮೀನಿಗೆ ಸಂಬಂಧಿಸಿದ ಪ್ರಕರಣ ಕಾರವಾರದ್ದು. ಅಲ್ಲಿನ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಪಾದರಸ ಬಳಸುವ ವಿಧಾನದ್ದಾಗಿತ್ತು. ಈ ವಿಧಾನದಲ್ಲಿ ಹರಿಯುವ ಪಾದರಸವೇ ಉಪ್ಪುನೀರಿನ ವಿದ್ಯುದ್ವಿಭಜನೆಯ ಒಂದು ಧ್ರುವ. ಅದು ಸೋಡಿಯಂ ಹಿಡಿದು ತಂದು ನೀರಿಗೆ ಬಿಟ್ಟಾಗ ಕಾಸ್ಟಿಕ್ ಸೋಡಾ ಆಗುತ್ತದೆ. ಪಾದರಸ ಖರ್ಚಾಗಬಾರದು, ಆದರೂ ಆವಿಯಲ್ಲಿ, ತ್ಯಾಜ್ಯದಲ್ಲಿ ಸ್ವಲ್ಪ ಸ್ವಲ್ಪ ಹೊರಬೀಳುವುದು ಈ ವಿಧಾನದ ಹುಟ್ಟುಗುಣ. ಕಾರವಾರದ ಈ ಕಾರ್ಖಾನೆಯ ಬಳಿಯ ಪಾದರಸವನ್ನು ಕುರಿತು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೃಷ್ಣಕುಮಾರ್ ಮತ್ತು ಕೃಷ್ಣ ಪಿಳ್ಳೈ ಅವರ ಅಧ್ಯಯನ 1990ರಲ್ಲಿ 'ಮೆರೈನ್ ಪೊಲ್ಯೂಷನ್ ಬುಲೆಟಿನ್' ಪತ್ರಿಕೆಯಲ್ಲಿ ಬಂದಿತು. ಪಾದರಸ ಬಳಸುವ ಕಾಸ್ಟಿಕ್ ಸೋಡಾ ಕಾರ್ಖಾನೆಗಳೆಲ್ಲ ಪೊರೆ ಬಳಸುವ ವಿಧಾನಕ್ಕೆ ಬದಲಾಗಬೇಕೆಂಬ ಒಪ್ಪಂದ ದೇಶದಲ್ಲಿ 2003ರಲ್ಲಿ ಆಯಿತು. ಅದಕ್ಕೆ 2012ರ ಗಡುವಿತ್ತು. ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು.

ಹಾಗೆಂದು ಮೀನನ್ನೇ ಬಿಡಬೇಕೆ? ಒಂದು ಲೆಕ್ಕ ಮಾಡಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ಹಾಕಿದ ಮಿತಿಯ ಪ್ರಕಾರ, ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಐವತ್ತು ಕಿಲೋ ತೂಕದ ಗರ್ಭಿಣಿಗೆ ಇದು ವಾರಕ್ಕೆ 80 ಮೈಕ್ರೋಗ್ರಾಂ. ಮೀನಿನಲ್ಲಿ ಕಿಲೋಗೆ 0.05 ಮಿಲಿಗ್ರಾಂ ಇದ್ದರೆ ವಾರಕ್ಕೆ 1,600 ಗ್ರಾಂ ತಿಂದರೂ ಮಿತಿ ದಾಟುವುದಿಲ್ಲ. 0.5 ಇದ್ದರೆ 160 ಗ್ರಾಂ. 1 ಮಿಲಿಗ್ರಾಂ ಇದ್ದರೆ 80 ಗ್ರಾಂ, ಅಂದರೆ ಒಂದು ತುಂಡು. ಮೀನನ್ನು ಪೂರ್ತಿ ಬಿಟ್ಟವರಿಗೆ ಅದರ ಪ್ರೋಟೀನು, ಮಗುವಿನ ಮೆದುಳಿಗೆ ಬೇಕಾದ ಕೊಬ್ಬಿನಾಮ್ಲಗಳೂ ತಪ್ಪುತ್ತವೆ. ಆದ್ದರಿಂದ ಬಸಿರಿ-ಬಾಣಂತಿಯರು, ಚಿಕ್ಕ ಮಕ್ಕಳು ಸಣ್ಣ ಮೀನು ತಿನ್ನುವುದು, ದೊಡ್ಡ ಬೇಟೆಮೀನನ್ನು ಮಿತಗೊಳಿಸುವುದು ಸರಿಯಾದ ದಾರಿ.

ನೀರು ಏರುವ ಮೊದಲು

ಮರಳಿ ನಮ್ಮ ಹಿನ್ನೀರಿಗೆ ಬರೋಣ. ಕೆನಡಾದ ಮ್ಯಾನಿಟೋಬ, ಕ್ವಿಬೆಕ್ ಪ್ರಾಂತಗಳಲ್ಲಿ 1970ರ ದಶಕದಿಂದೀಚೆಗೆ ದೊಡ್ಡ ಜಲಾಶಯಗಳನ್ನು ತುಂಬಿಸಿದಾಗ, ಯಾವ ಕಾರ್ಖಾನೆಯೂ ಇಲ್ಲದ ಕಡೆ ಮೀನಿನ ಪಾದರಸ ಏರಿತು. ಮುಳುಗಿದ ಮಣ್ಣು ಮತ್ತು ಗಿಡಗಂಟಿ ಕೊಳೆಯುವಾಗ ನೀರಿನ ತಳದ ಆಮ್ಲಜನಕ ಕಡಿಮೆಯಾಗಿ, ಮೀಥೈಲ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾದದ್ದೇ ಕಾರಣ. ಆ ಮೀನನ್ನೇ ನೆಚ್ಚಿದ್ದ ಮೂಲನಿವಾಸಿ ಕ್ರೀ ಜನರಿಗೆ ಇದು ದೊಡ್ಡ ಪೆಟ್ಟಾಯಿತು. ಏರಿದ ಪ್ರಮಾಣ ಇಳಿಯಲು ಎರಡು ಮೂರು ದಶಕ ಹಿಡಿಯಿತು. ಅಲ್ಲಿನದು ತಣ್ಣನೆಯ, ಕೊಳೆತ ಎಲೆಗಳ ಜೌಗು ನೆಲ. ನಮ್ಮದು ಬಿಸಿಲ ಸೀಮೆಯ ಎರೆಭೂಮಿ. ಅಲ್ಲಿಯ ಅಂಕಿಗಳನ್ನು ತಂದು ಇಲ್ಲಿಗೆ ಅಂಟಿಸಲಾಗದು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಂದ ಕಲಿಯಬಹುದು.

ಆಲಮಟ್ಟಿಯ ನೀರು 519.6 ಮೀಟರಿಗೆ ನಿಲ್ಲಲು ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2000ದಲ್ಲಿ. ಹಳೆಯ ಬಾಗಲಕೋಟೆಯ ಬೀದಿಗಳು ಮುಳುಗಿ ಜನ ನವನಗರ ಸೇರಿದ ಕಥೆ ಇಲ್ಲಿಯ ಮನೆಮನೆಗೂ ಗೊತ್ತು. ಕೂಡಲಸಂಗಮದಲ್ಲಿ ಐಕ್ಯಮಂಟಪವನ್ನು ನಾರಾಯಣಪುರದ ಹಿನ್ನೀರಿನ ನಡುವೆ ಬಾವಿಯಂತಹ ಗೋಡೆ ಕಟ್ಟಿ ಉಳಿಸಿಕೊಂಡಿದ್ದೇವೆ. ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹಾಗೆ ಏರಿದ ದಿನ ಇನ್ನಷ್ಟು ಎರೆಹೊಲ ನೀರಿನಡಿ ಸೇರುತ್ತದೆ.

ಮುಳುಗುವ ಮನೆಗಳನ್ನು ಅಳೆಯುತ್ತೇವೆ, ಹೊಲಗಳನ್ನು ಅಳೆಯುತ್ತೇವೆ, ಮರಗಳನ್ನು ಎಣಿಸುತ್ತೇವೆ. ಅದೇ ಪಟ್ಟಿಯಲ್ಲಿ ಮೀನಿಗೂ ಒಂದು ಸಾಲು ಇರಲಿ. ನೀರು ಏರುವ ಮೊದಲು ಒಂದಷ್ಟು ಕಾಟ್ಲಾ, ಒಂದಷ್ಟು ಬಾಳೆ ಮೀನು ಹಿಡಿದು ಒಟ್ಟು ಪಾದರಸ ಅಳೆದಿಟ್ಟು, ಸಂದೇಹ ಬಂದಲ್ಲಿ ಮೀಥೈಲ್ ಪಾದರಸವನ್ನೂ ಅಳೆಯಬೇಕು. ಏರಿದ ಮೇಲೆ ವರ್ಷ ವರ್ಷವೂ ಅದನ್ನೇ ಮಾಡಬೇಕು. ಮೊದಲಿನ ಅಳತೆ ಇಲ್ಲದಿದ್ದರೆ ಮುಂದೆ ಯಾರು ಏನು ಹೇಳಿದರೂ ಅದು ಬರಿಯ ವಾದವಾಗುತ್ತದೆ. ಮಿನಮಾಟದಲ್ಲಿ ಆ ವಾದದಲ್ಲೇ ವರ್ಷಗಳು ಕಳೆದವು. ಅಳತೆ ಇದ್ದರೆ ಪಾದರಸ ಮಿತಿಯೊಳಗಿದೆ ಎಂದು ಅಂಬಿಗರು ಧೈರ್ಯವಾಗಿ ಹೇಳಿ ಮೀನು ಮಾರಬಹುದು. ಮಿತಿ ದಾಟಿದ್ದರೆ, ಯಾವ ಮೀನನ್ನು ಯಾರು ಎಷ್ಟು ತಿನ್ನಬೇಕೆಂದು ಬಸಿರಿಗೆ ಮೊದಲೇ ತಿಳಿಸಬಹುದು.